ಎಳೆದು ನೋಡುವ ಕೈ

ಎಳೆದು ನೋಡದ ಕುರ್ಚಿ ಮೇಸ್ತ್ರಿಯ ಅಂಗಡಿಯ ಹೊಸ್ತಿಲು ದಾಟಿದ್ದಿಲ್ಲ. ಕಾಲಿನ ತುದಿಗೆ ಅಂಟು ಹಚ್ಚಿ, ಹಲಗೆಯ ತೂತಿಗೆ ಕೂರಿಸಿ, ಕ್ಲಾಂಪು ಬಿಗಿದು ಒಣಗಲು ಬಿಡುತ್ತಿದ್ದ. ಒಣಗಿದ ಮೇಲೆ ಕ್ಲಾಂಪು ಬಿಚ್ಚಿ, ಎಡಗೈಯನ್ನು ಹಲಗೆಯ ಮೇಲೆ ಊರಿ, ಬಲಗೈಯಲ್ಲಿ ಕಾಲನ್ನು ಹಿಡಿದು, ಕಣ್ಣು ಮುಚ್ಚಿ ಒಮ್ಮೆ ತನ್ನ ಕಡೆಗೆ ಎಳೆಯುತ್ತಿದ್ದ. ಜೋರಾಗಿ ಅಲ್ಲ, ಮಗುವಿನ ಕೈಯಿಂದ ಕತ್ತರಿ ಬಿಡಿಸಿಕೊಳ್ಳುವಷ್ಟು ಮೆತ್ತಗೆ. ಕೂದಲೆಳೆಯಷ್ಟು ಅಲುಗಿದರೂ ಅವನ ಬಾಯಿಂದ ಒಂದೇ ಮಾತು ಬರುತ್ತಿತ್ತು: "ಬಂತು." ಆ ಕುರ್ಚಿಯನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕೂಡಿಸಬೇಕು. ಅಲುಗದಿದ್ದರೆ ಏನೂ ಹೇಳದೆ ಮುಂದಿನ ಕಾಲಿಗೆ ಕೈ ಹಾಕುತ್ತಿದ್ದ.

ಅಂಟು ಹಚ್ಚುವಾಗ ಅವನದೊಂದು ಪ್ರಾರ್ಥನೆಯೂ ಇತ್ತು. ಅಪ್ಪನಿಂದ ಬಂದದ್ದು. "ಹಚ್ಚೋದು ನಾನು, ಹಿಡಿಯೋದು ನೀನು." ಅಷ್ಟೇ. ಮರ ಮರವನ್ನು ಹಿಡಿಯುವುದು ಯಾರ ಕಣ್ಣಿಗೂ ಕಾಣುವ ಕೆಲಸವಲ್ಲ. ತೂತಿನೊಳಗಿನ ಕತ್ತಲಲ್ಲಿ ನಡೆಯುವುದು. ಅಲ್ಲಿಗೆ ಉಳಿಯೂ ಹೋಗದು, ಕಣ್ಣೂ ಹೋಗದು. ಹೋಗುವವನು ಒಬ್ಬನೇ ಎಂದು ಅವನು ನಂಬಿದ್ದ.

ಮೇಸ್ತ್ರಿಯ ಅಕ್ಕ ಇದನ್ನು ಕೇಳಿ ಕೇಳಿ ಸಾಕಾದವಳು. ಹೆಂಡತಿ ತೀರಿಕೊಂಡ ಮೇಲೆ ಅವನ ಮನೆಗೆ ಬಂದು, ಅವನ ಒಬ್ಬಳೇ ಮಗಳನ್ನು ಸಾಕಿ, ಅವನನ್ನೂ ಬೈದು ಬೈದು ಸಾಕಿದವಳು. "ಅಲ್ವೋ ತಮ್ಮಾ," ಎನ್ನುತ್ತಿದ್ದಳು, "ಹಿಡಿಯೋದು ನೀನು ಅಂತ ದೇವರಿಗೆ ಹೇಳ್ತೀಯ. ಆಮೇಲೆ ಹಿಡಿದಿದಾನೋ ಇಲ್ವೋ ಅಂತ ನೀನೇ ಎಳೆದು ನೋಡ್ತೀಯ. ಅವನಿಗೆ ಎಷ್ಟು ಬೇಜಾರಾಗ್ಬೇಡ!"

"ಅವನ ಮೇಲೆ ಅನುಮಾನ ಅಲ್ಲ ಅಕ್ಕಾ. ನಾನು ಸರಿಯಾಗಿ ಹಚ್ಚಿದೀನಾ ಅಂತ ಅನುಮಾನ."

"ಹೌದೌದು. ಕೈ ಮುಗಿಯೋದು ಒಂದು ಕೈ, ಎಳೆಯೋದು ಇನ್ನೊಂದು ಕೈ."

ಆ ಮಗಳು ಬೆಳೆದು ವಿದ್ಯುತ್ ಕಂಬ ಹತ್ತುವ ಕೆಲಸಕ್ಕೆ ಸೇರಿದ್ದಳು. ಅವಳ ತಂಡದಲ್ಲಿ ಅವಳಷ್ಟು ಸಲೀಸಾಗಿ ಹತ್ತುವವರು ಇರಲಿಲ್ಲವಾದ್ದರಿಂದ ಎಲ್ಲರೂ ಅವಳನ್ನು ಅಳಿಲು ಎಂದು ಕರೆಯುತ್ತಿದ್ದರು. ಬಿದ್ದದ್ದು ಕಂಬದಿಂದಲ್ಲ, ಏಣಿಯ ಕೆಳಗಿನ ಕಡೆಯ ಮೆಟ್ಟಿಲಿನಿಂದ. ಪಾದ ನೆಲದಲ್ಲೇ ಊರಿಕೊಂಡಿತು, ಮೈ ತಿರುಗಿತು, ಮಂಡಿಯೊಳಗೆ ಏನೋ ಹರಿಯಿತು. ಲಿಗಮೆಂಟ್ ಎಂದರು ಆಸ್ಪತ್ರೆಯಲ್ಲಿ. ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ನಡುವೆ ಕಟ್ಟಿದ ಹಗ್ಗವಿದ್ದ ಹಾಗೆ, ಅದು ತುಂಡಾಗಿದೆ, ಹೊಲಿದರೆ ನಿಲ್ಲುವುದಿಲ್ಲ, ಹೊಸದು ಹಾಕಬೇಕು.

ಹೊಸದು ಎಲ್ಲಿಂದ? ಅವಳ ತೊಡೆಯ ಹಿಂಬದಿಯಿಂದಲೇ ಸ್ನಾಯುವಿನ ಒಂದು ಹುರಿ ತೆಗೆದರು. ಎರಡೂ ಮೂಳೆಗಳಿಗೆ ತೂತು ಕೊರೆದು, ಹುರಿಯನ್ನು ತೂರಿಸಿ, ಸ್ಕ್ರೂ ಹಾಕಿ ಬಿಗಿದರು. ಆಪರೇಷನ್ ಆದ ಮೇಲೆ ಡಾಕ್ಟರು ಮೇಸ್ತ್ರಿಯನ್ನು ಕೂರಿಸಿಕೊಂಡು ಹೇಳಿದರು: "ಸ್ಕ್ರೂ ಹಿಡಿದಿರೋದು ಸದ್ಯಕ್ಕೆ ಮಾತ್ರ. ಮೂಳೆ ನಿಧಾನಕ್ಕೆ ಹುರಿಯೊಳಗೆ ಬೆಳೆದು ತಾನೇ ಹಿಡ್ಕೋಬೇಕು. ಅದು ನಮ್ಮ ಕೈಲಿಲ್ಲ."

ಮೇಸ್ತ್ರಿ ತಲೆಯಾಡಿಸಿದ. ಇಡೀ ಆಸ್ಪತ್ರೆಯಲ್ಲಿ ಅವನಿಗೆ ಪೂರ್ತಿ ಅರ್ಥವಾದ ಮಾತು ಅದೊಂದೇ. ತೂತು, ಕೂಡಿಸುವುದು, ಕ್ಲಾಂಪು, ಒಣಗುವುದು. ಅರ್ಥವಾದದ್ದೇ ತಪ್ಪಾಯಿತು. ಅರ್ಥವಾಗದವನು ದೇವರ ಮೇಲೆ ಭಾರ ಹಾಕಿ ಮಲಗುತ್ತಾನೆ. ಅರ್ಧ ಅರ್ಥವಾದವನಿಗೆ ನಿದ್ದೆ ಎಲ್ಲಿಯದು?

ಆದರೂ ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಊತ ಇಳಿಯಿತು, ಊರುಗೋಲು ಮೂಲೆ ಸೇರಿತು, ಮಗಳು ಅಂಗಳದಲ್ಲಿ ಗುನುಗಿಕೊಂಡು ಓಡಾಡತೊಡಗಿದಳು. ವ್ಯಾಯಾಮ ಹೇಳಿಕೊಡುವ ಫಿಸಿಯೋ ಬಳಿಗೆ ಹೋದಾಗ ಮೇಸ್ತ್ರಿ ಖುಷಿಯಿಂದ, "ಈಗ ನೋವೇ ಇಲ್ಲವಂತೆ ಮೇಡಂ," ಎಂದ.

ಅವಳು ನಗಲಿಲ್ಲ. "ನೋವಿದ್ದಾಗ ಹುಷಾರಾಗಿರು ಅಂತ ಯಾರೂ ಹೇಳ್ಕೊಡಬೇಕಿಲ್ಲ ಅಪ್ಪಾಜಿ. ನೋವು ಹೋಯ್ತಲ್ಲ, ಭಯ ಈಗ ಬೇಕು. ಒಳಗಿರೋ ಹುರಿ ತುಂಬಾ ಮೆತ್ತಗಾಗೋ ಕಾಲ ಇದು. ಅದರ ಹಳೇ ಜೀವ ಹೋಗಿದೆ, ಹೊಸ ಜೀವ ಇನ್ನೂ ಪೂರ್ತಿ ಬಂದಿಲ್ಲ. ಹೇಳಿದ ವ್ಯಾಯಾಮ ಬಿಡಬಾರದು, ಹೇಳದೇ ಇರೋದನ್ನ ಮಾಡಬಾರದು."

ಹಳೇ ಜೀವ ಹೋಗಿದೆ, ಹೊಸ ಜೀವ ಇನ್ನೂ ಬಂದಿಲ್ಲ. ಈ ಮಾತು ಮೇಸ್ತ್ರಿಯ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡು ಕೂತಿತು. ಮಗಳು ನಡೆಯುವಾಗ ಅವನಿಗೆ ಮಗಳು ಕಾಣುತ್ತಿರಲಿಲ್ಲ. ಮೂಳೆಯ ತೂತಿನೊಳಗೆ ಯಾರದೂ ಅಲ್ಲದಂತೆ ಮಲಗಿರುವ ಒಂದು ಹುರಿ ಕಾಣುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಅಕ್ಕ ಸಂತೆಗೆ ಹೋಗಿದ್ದಳು. ಮೇಸ್ತ್ರಿ ನೀರು ಕುಡಿಯಲೆಂದು ಅಂಗಡಿಯಿಂದ ಅಡುಗೆಮನೆಗೆ ಬಂದರೆ, ಮಗಳು ಸ್ಟೂಲಿನ ಮೇಲೆ ನಿಂತು ಅಟ್ಟದಿಂದ ಡಬ್ಬಿ ತೆಗೆಯುತ್ತಿದ್ದಾಳೆ. ಅವನು ಬಾಯಿ ತೆರೆಯುವ ಮೊದಲೇ ಕೇಳಿಸಿತು: ಟಕ್.

ಸಣ್ಣ ಸದ್ದು. ಬೆರಳ ನೆಟಿಗೆ ತೆಗೆದಷ್ಟು. ಮಗಳ ಕೈ ಅಟ್ಟದ ಅಂಚಿನಲ್ಲಿ ಹಾಗೇ ನಿಂತಿತು.

"ಏನದು?"

"ಯಾವುದು?"

"ಟಕ್ ಅಂತಲ್ಲ."

"ಸ್ಟೂಲಪ್ಪ," ಎಂದು ಮೆಲ್ಲಗೆ ಒಳ್ಳೆಯ ಕಾಲನ್ನು ಮೊದಲು ಊರಿ ಇಳಿದಳು.

ಸ್ಟೂಲು ಅವನೇ ಮಾಡಿದ್ದು. ಅವನು ಮಾಡಿದ ಸ್ಟೂಲು ಟಕ್ ಎನ್ನುವುದಿಲ್ಲವೆಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಹುಟ್ಟಿದಾಗಿನಿಂದ ಅಪ್ಪನ ಕೆಲಸದ ಮೇಲೆ ಒಂದು ದೂರೂ ಹೇಳದ ಮಗಳು ಇವತ್ತು ಹೇಳಿದ್ದೇ ಅವನನ್ನು ಹೆದರಿಸಲು ಸಾಕಾಯಿತು.

"ಆಸ್ಪತ್ರೆಗೆ ಹೋಗೋಣ ನಡಿ."

"ಬೇಡಪ್ಪಾ. ನೋವಿಲ್ಲ, ಊತ ಇಲ್ಲ. ಏನಂತ ಹೇಳೋದು? ಸುಮ್ನೆ ಇದು ಆಫೀಸಿನವರ ಕಿವಿಗೆ ಬಿದ್ರೆ ಇವಳ ಕಾಲು ನಂಬೋಹಾಗಿಲ್ಲ ಅಂತ ಬಿಲ್ ಕಟ್ಟಿಸ್ಕೊಳ್ಳೋ ಕಿಟಕೀಲಿ ಕೂರಿಸಿಬಿಡ್ತಾರೆ. ನಾನು ಕಂಬ ಹತ್ಬೇಕು. ಅತ್ತೆಗೂ ಹೇಳ್ಬೇಡ. ನನ್ನಾಣೆ."

ಆಣೆ ಹಾಕಿದ ಮೇಲೆ ಅವನ ಬಾಯಿ ಕಟ್ಟಿತು. ಕೈಯನ್ನು ಯಾರೂ ಕಟ್ಟಿರಲಿಲ್ಲ.

ಮಧ್ಯಾಹ್ನ ಮಗಳು ನಿದ್ದೆ ಹೋಗಿದ್ದಳು. ಮಂಡಿಯ ಕೆಳಗೆ ಮಡಿಸಿದ ಕಂಬಳಿ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಮೇಸ್ತ್ರಿ ಬಾಗಿಲಲ್ಲಿ ನಿಂತ, ಮಂಚದ ಬಳಿ ನಿಂತ. ಆಪರೇಷನ್ನಿಗೆ ಮೊದಲು ಡಾಕ್ಟರು ಆ ಕಾಲನ್ನು ಹಿಡಿದದ್ದು ಅವನ ಕಣ್ಣಿನಲ್ಲಿತ್ತು: ಒಂದು ಕೈ ತೊಡೆಯ ಮೇಲೆ, ಇನ್ನೊಂದು ಮಂಡಿಯ ಕೆಳಗೆ, ಮೆತ್ತಗೆ ಒಂದು ಎಳೆತ. ಅವತ್ತೇ ಅನಿಸಿತ್ತು, ಅರೆ, ಇದು ನನ್ನ ಕೆಲಸವಲ್ಲವೇ ಎಂದು.

ಕೈಯ ಮರದ ಪುಡಿಯನ್ನು ಅಂಗಿಗೆ ಒರೆಸಿಕೊಂಡ. ಎಡಗೈ ಊರಿದ. ಬಲಗೈಯಲ್ಲಿ ಹಿಡಿದ. ಕಣ್ಣು ಮುಚ್ಚಿದ. ದೇವರೇ ಎಂದ. ಎಳೆದ.

ಕಾಲು ಅಲುಗಿತು. ಕೂದಲೆಳೆಯಷ್ಟಲ್ಲ, ಅದಕ್ಕಿಂತ ಹೆಚ್ಚು. ಸ್ಪಷ್ಟವಾಗಿ, ಅವನ ಕೈಯೊಳಗೇ, ಮೂಳೆಯ ಮೇಲಿಂದ ಮೂಳೆ ಮುಂದಕ್ಕೆ ಜಾರಿತು.

"ಬಂತು," ಎಂದಿತು ಅವನ ಬಾಯಿ, ಅವನನ್ನು ಕೇಳದೆ.

ಬೆಂಕಿ ಮುಟ್ಟಿದವನಂತೆ ಕೈ ಬಿಟ್ಟ. ಮಗಳು ಕದಲಲಿಲ್ಲ. ಅವನು ಹೇಗೋ ಅಂಗಡಿಗೆ ಬಂದು ಮರದ ಹೊಟ್ಟಿನ ರಾಶಿಯ ಮೇಲೆ ಕುಳಿತ. ಸಡಿಲವಾಗಿದ್ದದ್ದು ಮೊದಲೇ ಸಡಿಲವಾಗಿತ್ತೋ? ಅಥವಾ ಹೇಗೋ ಹಿಡಿದುಕೊಂಡಿದ್ದದ್ದನ್ನು ತಾನು ಈಗ ಎಳೆದು ಕಿತ್ತನೋ? ಒಣಗದ ಅಂಟನ್ನು ಎಳೆಯಬಾರದೆಂದು ಊರಿಗೆಲ್ಲ ಹೇಳುವವನು, ಹೊಸ ಜೀವ ಬಾರದ ಹುರಿಯನ್ನು ಎಳೆದುಬಿಟ್ಟನೇ? ಕುರ್ಚಿಯಾದರೆ ಬಿಚ್ಚಿ ಮತ್ತೆ ಕೂಡಿಸಬಹುದು. ಮಗಳನ್ನು?

ಆಮೇಲಿನ ದಿನಗಳಲ್ಲಿ ಅವನು ಒಂದು ಕುರ್ಚಿಯನ್ನೂ ಎಳೆಯಲಿಲ್ಲ. ಒಣಗಿದ ಕುರ್ಚಿಗಳು ಕ್ಲಾಂಪಿನ ಸಮೇತ ಸಾಲಾಗಿ ನಿಂತವು. ಕೈ ಚಾಚಿದರೆ ಆ ಜಾರುವಿಕೆ ಬೆರಳಿಗೆ ಬರುತ್ತಿತ್ತು. ಅನ್ನ ಕಲಸುವಾಗಲೂ ಬರುತ್ತಿತ್ತು. ದೇವರ ಮುಂದೆ ಕೈ ಜೋಡಿಸಿದರೆ ಆ ಕೈಯನ್ನೇ ಜೋಡಿಸಬೇಕಲ್ಲ ಎಂದು ನಾಚಿಕೆಯಾಗುತ್ತಿತ್ತು. ಹಿಡಿಯೋದು ನೀನು ಎಂದು ಹೇಳಿ, ಅವನು ಹಿಡಿಯುತ್ತಿರುವಾಗಲೇ ಕಸಿದುಕೊಂಡವನು ಏನೆಂದು ಬೇಡಿಕೊಳ್ಳುವುದು?

ಅದಕ್ಕಿಂತ ಹೆದರಿಸಿದ್ದು ಮಗಳು. ಅವತ್ತಿನಿಂದ ಅವಳ ಗುನುಗು ನಿಂತಿತ್ತು. ಮೂಲೆಯ ಊರುಗೋಲು ಮತ್ತೆ ಕೈಗೆ ಬಂದಿತ್ತು. ಮಂಡಿಯ ಪಟ್ಟಿಯನ್ನು ಬಿಗಿದು ಕಾಲು ನೀಡಿಕೊಂಡು ಕುಳಿತರೆ ಕಂಬದಂತೆ ಕುಳಿತಳು. "ವ್ಯಾಯಾಮ ಮಾಡಿದ್ಯೇನೇ?" ಎಂದು ಅತ್ತೆ ಕೂಗಿದರೆ, "ಮಾಡ್ದೆ ಅತ್ತೆ," ಎನ್ನುವಳು, ವ್ಯಾಯಾಮಕ್ಕೆ ಹಾಸಬೇಕಾದ ಕಂಬಳಿಯ ಮಡಿಕೆ ಹಾಗೇ ಇರುತ್ತಿತ್ತು. ಮೇಸ್ತ್ರಿ ಅದನ್ನು ನೋಡಿದ. ಸಡಿಲವಾದದ್ದು ಅವಳಿಗೂ ತಿಳಿಯುತ್ತಿದೆ, ಅದಕ್ಕೇ ಅಲುಗಿಸುತ್ತಿಲ್ಲ ಎಂದುಕೊಂಡ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಊಟ ಮಾಡಿದರು.

ಕೊನೆಗೆ ಸಹಿಸಲಾರದೆ ಅಕ್ಕ ಒಂದು ಸಂಜೆ ಅದೇ ಸ್ಟೂಲನ್ನು ಎಳೆದುಕೊಂಡು ಅವರಿಬ್ಬರ ನಡುವೆ ಕುಳಿತಳು.

"ಈ ಮನೇಲಿ ಸತ್ತೋರು ಯಾರು ಹೇಳಿಬಿಡಿ. ನಾನೂ ಸ್ವಲ್ಪ ಅಳ್ತೀನಿ."

ಮಗಳು ಮಂಡಿಯ ಪಟ್ಟಿಯನ್ನು ಇನ್ನಷ್ಟು ಬಿಗಿದಳು.

"ಅಲ್ಲಿ ಕುರ್ಚಿ ಸಾಲುಗಟ್ಟಿ ನಿಂತಿವೆ, ಇವನು ಮುಟ್ಟಲ್ಲ. ಇಲ್ಲಿ ಇವಳು ಕಾಲು ಮಡಿಸಲ್ಲ. ನನ್ನ ಕಣ್ಣಿಗೆ ಪೊರೆ ಬಂದಿರಬಹುದು, ಕುರುಡಾಗಿಲ್ಲ."

ಮಗಳೇ ಬಾಯಿ ಬಿಟ್ಟಳು. "ಹುರಿ ಕಿತ್ತು ಬಂದಿದೆ ಅತ್ತೆ. ಅಪ್ಪ ಎಳೆದು ನೋಡಿದ. ಬಂತು ಅಂದ."

ಮೇಸ್ತ್ರಿ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟ. "ಆಗ ಎಚ್ಚರ ಇದ್ದ್ಯಾ ನೀನು?"

"ನೀನು ಬಾಗಿಲಿಗೆ ಬಂದಾಗಲೇ ಎಚ್ಚರ ಇದ್ದೆ. ಯಾಕೆ ಬಂದೆ ಅಂತಾನೂ ಗೊತ್ತಾಯ್ತು. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಟಕ್ ಅಂದಾಗಿನಿಂದ ನನಗೂ ಪ್ರಾಣ ಹೋಗ್ತಿತ್ತಪ್ಪಾ, ಗೊತ್ತಾಗಿಬಿಡ್ಲಿ ಅನ್ನಿಸ್ತು." ಅಪ್ಪನ ಕೈಯನ್ನು ನೋಡಿದಳು. "ಡಾಕ್ಟರ ಮಾತು ಸುಳ್ಳಾಗಬಹುದು. ನಿನ್ನ ಕೈ ಸುಳ್ಳಾಗಿದ್ದನ್ನ ನಾನು ನೋಡಿಲ್ಲ. ಅದಕ್ಕೇ ಅಲುಗಿಸ್ತಾ ಇಲ್ಲ. ಅಲ್ಪಸ್ವಲ್ಪ ಹಿಡಿದಿದ್ರೆ ಅದಾದ್ರೂ ಉಳೀಲಿ ಅಂತ."

ಮೇಸ್ತ್ರಿ ತಲೆ ತಗ್ಗಿಸಿದ. ಅವನ ಒಂದು ಮಾತಿನ ಮೇಲೆ ಇವಳು ಇಷ್ಟು ದಿನ ಕಲ್ಲಾಗಿ ಕುಳಿತಿದ್ದಳು.

ಅಕ್ಕ ಇಬ್ಬರನ್ನೂ ನೋಡಿದಳು. ಬೈಯಲು ಬಾಯಿ ತೆರೆದಳು. ತೆರೆದ ಬಾಯಿಂದ ಬೇರೆಯೇ ಮಾತು ಬಂತು.

"ಒಂದೇ ಕಾಲು ಎಳೆದ್ಯಾ?"

"ಹ್ಞಾಂ?"

"ಕುರ್ಚಿಗಾದ್ರೆ ನಾಲ್ಕೂ ಎಳೀತೀಯ. ಮಗಳಿಗಿರೋದು ಎರಡೇ ಅಲ್ವೇನೋ. ಇನ್ನೊಂದು ಎಳೆದ್ಯಾ?"

"ಅದಕ್ಕೇನಾಗಿದೆ ಅಕ್ಕಾ? ಅದು ಚೆನ್ನಾಗಿದೆ."

"ಚೆನ್ನಾಗಿರೋದು ಹೆಂಗಿರುತ್ತೆ ಅಂತ ನಿನ್ನ ಕೈಗೇನು ಗೊತ್ತು? ನೀನು ಮಾಡಿದ್ದಾ ಅದನ್ನ?"

ಮಗಳು ತನ್ನ ಇನ್ನೊಂದು ಕಾಲನ್ನು ಮುಂದೆ ಚಾಚಿದಳು. ಮೇಸ್ತ್ರಿ ಅದನ್ನು ಮುಟ್ಟಲು ಹೆದರಿದ. ಒಂದನ್ನು ಕೆಡಿಸಿದ ಕೈ ಇನ್ನೊಂದನ್ನೂ ಕೆಡಿಸಿದರೆ? "ಎಳಿಯಪ್ಪಾ," ಎಂದಳು. ಹಿಡಿದ. ಕಣ್ಣು ಮುಚ್ಚಿದ. ಎಳೆದ.

ಕಣ್ಣು ಬಿಟ್ಟಾಗ ಅವನ ಮುಖ ಬಿಳಿಚಿತ್ತು. "ಇದೂ ಬಂತು."

ಗೋಡೆಯ ಹಲ್ಲಿ ಲೊಚಗುಟ್ಟಿತು.

"ಹಾಗಾದ್ರೆ ಹುಟ್ಟಿಸುವಾಗಲೇ ಸಡಿಲ ಕಟ್ಟಿ ಕಳಿಸಿದಾನೆ," ಎಂದಳು ಅಕ್ಕ. ಸೀರೆಯನ್ನು ಮೊಣಕಾಲಿನವರೆಗೆ ಸರಿಸಿದಳು. "ನಂದೂ ಎಳಿ, ನೋಡೇಬಿಡೋಣ."

"ನಿನ್ನದು ಬೇಡಕ್ಕಾ. ಕೈಗೇ ಬಂದ್ರೆ ಏನು ಮಾಡ್ಲಿ?"

ಮಗಳು ಫಕ್ಕನೆ ನಕ್ಕಳು, ನಗುತ್ತಲೇ ಅತ್ತಳು. ಅಕ್ಕನೂ ನಕ್ಕಳು. ಆದರೆ ನಗು ಇಳಿದ ಮೇಲೆ ಭಯ ತನ್ನ ಜಾಗಕ್ಕೆ ಬಂದು ಕುಳಿತಿತು. ಎರಡೂ ಒಂದೇ ಹಾಗೆ ಅಲುಗಿದರೆ ಅದು ಒಳ್ಳೆಯದೋ ಕೆಟ್ಟದ್ದೋ, ಮೂವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಗಳು ಆಫೀಸಿನ ಭಯವನ್ನೂ ಹೇಳಿದಳು. "ಆಫೀಸಿನವರು ಕಿಟಕೀಲಿ ಕೂರಿಸಿದ್ರೆ ಕೂರಿಸ್ಲಿ," ಎಂದಳು ಅಕ್ಕ, "ನಾಳೆ ಬೆಳಿಗ್ಗೆ ಎದ್ದು ಹೊರಡಿ. ನಾನೂ ಬರ್ತೀನಿ."

ಆಸ್ಪತ್ರೆಯ ಬೆಂಚಿನಲ್ಲಿ ಮೇಸ್ತ್ರಿ ತನ್ನ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಿದ್ದ. ಹೆಸರು ಕೂಗಿದರೂ ಏಳಲಿಲ್ಲ. ಅಕ್ಕ ರಟ್ಟೆ ಹಿಡಿದು ಎಬ್ಬಿಸಿದಳು. ಒಳಗೆ ಡಾಕ್ಟರೂ ಇದ್ದರು, ಫಿಸಿಯೋ ಕೂಡ. ಮೇಸ್ತ್ರಿ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದ: ಸ್ಟೂಲು, ಟಕ್, ಮಂಚ, ತನ್ನ ಕೈ, ತನ್ನ ಬಾಯಿಂದ ಬಿದ್ದ ಮಾತು. ಫಿಸಿಯೋ ಹಣೆಗೆ ಕೈ ಇಟ್ಟುಕೊಂಡಳು. ಡಾಕ್ಟರು ಮಗಳನ್ನು ಮಲಗಿಸಿದರು.

ಮೊದಲು ಒಳ್ಳೆಯ ಕಾಲನ್ನು ಹಿಡಿದರು. ಆಮೇಲೆ ಇದನ್ನು. ಎಳೆಯುವಾಗ ಅವರೂ ಕಣ್ಣು ಮುಚ್ಚುತ್ತಾರೆಂದು ಮೇಸ್ತ್ರಿ ಆಗ ಗಮನಿಸಿದ. ಇನ್ನೊಮ್ಮೆ ಅದನ್ನು, ಇನ್ನೊಮ್ಮೆ ಇದನ್ನು. ಅವನು ಅವರ ಬಾಯಿಯನ್ನೇ ನೋಡುತ್ತಿದ್ದ. ಆ ತುಟಿಗಳು ಎಲ್ಲಿ "ಬಂತು" ಎನ್ನುತ್ತವೋ ಎಂದು.

"ಹಿಡಿದಿದೆ," ಎಂದರು ಡಾಕ್ಟರು.

ಅಕ್ಕ ಗೋಡೆಗೆ ಒರಗಿದಳು.

"ಆದ್ರೆ ಅಲುಗಿತಲ್ಲ ಸಾರ್," ಎಂದ ಮೇಸ್ತ್ರಿ. ಅವನಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ.

"ಅಲುಗಲೇಬೇಕು. ಅಲುಗದೇ ಇದ್ರೆ ಅದು ಮಂಡಿ ಅಲ್ಲ, ನಿಮ್ಮ ಕುರ್ಚಿ. ಸ್ವಲ್ಪ ಅಲುಗಿ, ಆಮೇಲೆ ಗಕ್ಕಂತ ನಿಲ್ಲಬೇಕು. ಆ ನಿಲ್ಲೋದನ್ನ ನೋಡಬೇಕು. ನೀವು ಅಲುಗಿದ ತಕ್ಷಣ ಹೆದರಿ ಕೈ ಬಿಟ್ಟಿದ್ದೀರಿ. ಒಳ್ಳೇ ಕಾಲನ್ನ ಮೊದಲು ಎಳೆದು ನೋಡದೇ ಇದ್ರೆ ನನಗೂ ಗೊತ್ತಾಗಲ್ಲ." ಕನ್ನಡಕದ ಮೇಲಿಂದ ನೋಡಿದರು. "ಇನ್ನೊಂದು ಸಲ ಆ ಕಾಲಿಗೆ ಕೈ ಹಾಕಿದ್ರೆ ನಿಮ್ಮ ಕೈಗೂ ಕಟ್ಟು ಹಾಕಿಸ್ತೀನಿ. ನಿಮ್ಮ ಪುಣ್ಯ, ಮೆತ್ತಗೆ ಎಳೆದಿದೀರಿ."

"ಟಕ್ ಅಂದಿದ್ದು?"

"ಏನಾದ್ರೂ ಇರಬಹುದು. ಮಂಡಿಗಳು ಸದ್ದು ಮಾಡ್ತವೆ. ಸ್ಟೂಲೂ ಇರಬಹುದು."

"ಸ್ಟೂಲೇ," ಎಂದಳು ಅಕ್ಕ. ಇವತ್ತಿಗೂ ಹಾಗೇ ಅನ್ನುತ್ತಾಳೆ. ಮೇಸ್ತ್ರಿ ಒಪ್ಪಿಲ್ಲ.

ಆದರೆ ಭಯ ಅಲ್ಲಿಗೆ ಮುಗಿಯಲಿಲ್ಲ. ಫಿಸಿಯೋ ಕಾಲನ್ನು ಮಡಿಸಲು ಹೇಳಿದಳು. ಸ್ವಲ್ಪ ದೂರ ಬಂದು ಮಂಡಿ ನಿಂತುಬಿಟ್ಟಿತು. ಮಗಳು ಹಲ್ಲು ಕಚ್ಚಿದಳು, ಹಣೆಯಲ್ಲಿ ಬೆವರು ಮೂಡಿತು, ಮುಂದಕ್ಕೆ ಬರಲಿಲ್ಲ. ಡಾಕ್ಟರ ಮುಖ ಮೊದಲ ಸಲ ಗಂಭೀರವಾಯಿತು.

"ಎಷ್ಟು ದಿನದಿಂದ ಅಲುಗಿಸಿಲ್ಲ ತಾಯಿ ನೀನು?"

ಅವಳು ಅಪ್ಪನ ಕಡೆ ನೋಡಿದಳು.

"ನೋಡಿ ಮೇಸ್ತ್ರಿ," ಎಂದರು ಡಾಕ್ಟರು, "ಅಂಟು ಒಣಗೋಕೆ ಸುಮ್ನೆ ಬಿಡಬೇಕು, ಸರಿ. ಮೂಳೆ ಹಾಗಲ್ಲ. ಹದವಾಗಿ ಭಾರ ಬೀಳ್ತಾ ಇದ್ರೆ ತಾನೇ ಅದಕ್ಕೆ ಗೊತ್ತಾಗೋದು, ಇಲ್ಲಿ ಹಿಡಿಯೋ ಕೆಲಸ ಇದೆ ಅಂತ? ಜಾಸ್ತಿ ಆದ್ರೆ ಕಿತ್ತು ಬರುತ್ತೆ. ಏನೂ ಇಲ್ದಿದ್ರೆ ಹುರಿ ಸೊರಗುತ್ತೆ, ಮಂಡಿ ಮರಗಟ್ಟುತ್ತೆ. ಎಳೆದಿದ್ದರಿಂದ ನೀವು ಕೆಡಿಸಿಲ್ಲ. ಆಮೇಲೆ ಇಬ್ರೂ ಹೆದರಿ ಕೂತ್ರಲ್ಲ, ಕೆಟ್ಟಿದ್ದು ಅದರಿಂದ. ಈಗ ಇದನ್ನ ವಾಪಸ್ ತರಬೇಕು. ಬರುತ್ತೆ ಅಂದ್ಕೊಂಡಿದೀನಿ."

ಅಂದ್ಕೊಂಡಿದೀನಿ ಎಂಬ ಮಾತು ಮೇಸ್ತ್ರಿಗೆ ಕೇಳಿಸಿತು.

"ಕಂಬ?" ಎಂದಳು ಮಗಳು.

"ಕಂಬ ಎಲ್ಲೂ ಓಡಿ ಹೋಗಲ್ಲ. ಮೊದಲು ಮಂಡಿ ಮಡಿಸು. ಆಮೇಲೆ ಕೇಳು."

ಫಿಸಿಯೋ ಮೇಸ್ತ್ರಿಯನ್ನು ಹತ್ತಿರ ಕರೆದಳು. "ಮನೇಲಿ ಇದಕ್ಕೆ ಜೊತೆ ಬೇಕು. ಇವರ ಹಿಮ್ಮಡಿ ಕೆಳಗೆ ನಿಮ್ಮ ಅಂಗೈ ಇಡಿ. ಹ್ಞೂ, ನಿಮ್ಮದೇ. ಎಳೀಬಾರದು, ತಳ್ಳಬಾರದು. ಕಾಲು ತಾನಾಗಿ ನಿಮ್ಮ ಕೈ ಮೇಲೆ ಜಾರಿ ಹಿಂದಕ್ಕೆ ಹೋಗಲಿ."

"ನನ್ನ ಕೈ ಬೇಡಮ್ಮ," ಎಂದ ಮೇಸ್ತ್ರಿ. ಅವನು ನಿಜವಾಗಿ ಹೆದರಿದ್ದ. "ಇದಕ್ಕೆ ಬೇರೆ ಅಭ್ಯಾಸ."

"ನಿಮ್ಮ ಕೈಗೇ ಇವರು ಹೆದರಿರೋದು. ಅದೇ ಕೈ ಬೇಕು."

ಮನೆಯಲ್ಲಿ ಅದೇ ಮಂಚ, ಅದೇ ಫ್ಯಾನು. ಮೇಸ್ತ್ರಿ ನೆಲದಲ್ಲಿ ಮಂಡಿಯೂರಿ ಕುಳಿತು ಮಂಚದ ಮೇಲೆ ಅಂಗೈ ಚಾಚಿದ. ಮಗಳ ಹಿಮ್ಮಡಿ ಅದರ ಮೇಲೆ ಬಂದು ಕೂತಿತು. ಕೂಸಾಗಿದ್ದಾಗ ಎಣ್ಣೆ ಹಚ್ಚುವಾಗ ಕೂರುತ್ತಿದ್ದ ಹಾಗೆಯೇ, ಆದರೆ ಈಗ ಒರಟು, ಕಂಬ ಹತ್ತಿ ಹತ್ತಿ ಬಿರುಕು ಬಿಟ್ಟದ್ದು. ಅವಳು ಉಸಿರು ಬಿಟ್ಟು ಕಾಲನ್ನು ಹಿಂದಕ್ಕೆ ಸರಿಸತೊಡಗಿದಳು. ಅಂಗೈಯ ಮೇಲೆ ಚರ್ಮ ಜಾರುವುದು ತಿಳಿಯಿತು. ಆ ಇನ್ನೊಂದು ಜಾರುವಿಕೆ ನೆನಪಾಯಿತು.

ಮಂಡಿ ನಿಂತ ಜಾಗದಲ್ಲಿ ನಿಂತಿತು. ಅವಳು ನರಳಿದಳು. ಒಳಗೆ, ಕತ್ತಲಲ್ಲಿ, ಯಾವುದೋ ಯಾವುದನ್ನೋ ಹಿಡಿಯುತ್ತಿದೆಯೋ ಬಿಡುತ್ತಿದೆಯೋ, ಕಾಣುವಂತಿಲ್ಲ. ಅವನ ಬಾಯಿಗೆ ಹಳೆಯ ಪ್ರಾರ್ಥನೆ ಬಂತು. ಹಚ್ಚೋದು ನಾನು ಎಂದು ಶುರುವಾಗುವಷ್ಟರಲ್ಲಿ ನಿಂತ. ಇಲ್ಲಿ ಹಚ್ಚಿದವನು ಅವನಲ್ಲ. ಕೊರೆದವನೂ ಅವನಲ್ಲ.

"ಹಿಡಿಯೋದು ನೀನು," ಎಂದಷ್ಟೇ ಹೇಳಿದ.

"ಯಾರಿಗೆ ಹೇಳಿದ್ದು, ನನಗಾ?" ಎಂದಳು ಮಗಳು ಹಲ್ಲು ಕಚ್ಚಿಕೊಂಡೇ.

"ನಿನಗಲ್ಲ."

"ಮತ್ತೆ ಬೆರಳು ಯಾಕೆ ಹಿಡ್ಕೊಂಡಿದೆ?"

ಅವನು ಕೆಳಗೆ ನೋಡಿದ. ಅವನಿಗೆ ತಿಳಿಯದೆಯೇ ಬೆರಳುಗಳು ಅವಳ ಹಿಮ್ಮಡಿಯ ಸುತ್ತ ಮಡಚಿಕೊಂಡಿದ್ದವು. ಒಂದೊಂದಾಗಿ ಬಿಡಿಸಿದ. ಅಂಗೈ ಚಪ್ಪಟೆಯಾಗಿ, ಖಾಲಿಯಾಗಿ, ಅವಳ ಕಾಲಿನ ಕೆಳಗೆ ಉಳಿಯಿತು.

"ಹ್ಞೂ, ಈಗ," ಎಂದು ಅವಳು ಉಸಿರೆಳೆದುಕೊಂಡಳು. ಹಿಮ್ಮಡಿ ಅವನ ಕೈ ಮೇಲಿಂದ ಇಷ್ಟೇ ಇಷ್ಟು ಹಿಂದಕ್ಕೆ ಸರಿಯಿತು.